ಲುಬೋರ್ಸ್ಕಿಯ ಮನೋಚಿಕಿತ್ಸಾಮೀಮಾಂಸೆ

ರೋಗವು ವಾಸಿಯಾದುದು ಔಷಧದಿಂದಲೋ ಕಾಲದಿಂದಲೋ ಎಂಬ ಸಂಶಯವು ವೈದ್ಯಶಾಸ್ತ್ರದಷ್ಟೇ ಪುರಾತನವಾದುದು. ಕಾಗೆಯು ಬಂದು ಕುಳಿತ ಕ್ಷಣದಲ್ಲಿಯೇ ತಾಳೆಯ ಹಣ್ಣು ಬಿದ್ದಿತೆಂದ ಮಾತ್ರಕ್ಕೆ ಬೀಳಿಸಿದುದು ಕಾಗೆಯೇ ಎಂದು ನಿರ್ಣಯಿಸಲಾಗದೆಂದು ಶಾಸ್ತ್ರಕಾರರು ಎಚ್ಚರಿಸಿರುವರು. ಬೇರು, ಕಷಾಯ, ಗುಳಿಗೆಗಳ ವಿಷಯದಲ್ಲಿ ಈ ಸಂಶಯದ ಪರಿಹಾರವು ಕಷ್ಟವಾದರೂ ಅಸಾಧ್ಯವಲ್ಲ. ಮಾತೇ ಔಷಧವಾಗಿ, ಕೇಳುವುದೇ ಶುಶ್ರೂಷೆಯಾಗಿರುವ ಚಿಕಿತ್ಸೆಯಲ್ಲಿ ಅದನ್ನು ಪರಿಹರಿಸುವ ಬಗೆ ಯಾವುದು? (ಶುಶ್ರೂಷೆ ಎಂಬ ಪದಕ್ಕೆ ಮೂಲದಲ್ಲಿ ಕೇಳಬೇಕೆಂಬ ಇಚ್ಛೆ ಎಂದೇ ಅರ್ಥ, ರೋಗಿಯ ಸೇವೆ ಎಂಬ ಅರ್ಥವು ಅನಂತರ ಬಂದುದು.) ವಿಯೆನ್ನಾ ನಗರದ ಫ್ರಾಯ್ಡನು ಪ್ರವರ್ತನಗೊಳಿಸಿದ ಮನೋವಿಶ್ಲೇಷಣೆಯೂ, ಅದರಿಂದ ಕವಲೊಡೆದು ಸೈಕೊಡೈನಮಿಕ್ ಎಂಬ ಹೆಸರನ್ನು ಪಡೆದ ಚಿಕಿತ್ಸಾಪದ್ಧತಿಗಳೂ ಈ ಜಾತಿಗೆ ಸೇರಿದವು. ಮನಸ್ಸಿನಲ್ಲಿ ತನಗರಿಯದಂತೆ ಪರಸ್ಪರ ಸೆಣಸುತ್ತಿರುವ ಪ್ರೇರಣೆಗಳನ್ನು ರೋಗಿಯು ಮಾತಿನ ಮೂಲಕ ಕಂಡುಕೊಂಡರೆ ವ್ಯಾಧಿಯ ಕಟ್ಟು ಸಡಿಲುವುದೆಂಬುದು ಅವುಗಳ ಸಿದ್ಧಾಂತ. ಈ ಸಿದ್ಧಾಂತವನ್ನು ನಂಬಿದವನಾಗಿಯೂ ಅದನ್ನು ತಕ್ಕಡಿಗೆ ಹಾಕುವುದರಲ್ಲಿಯೇ ಅರ್ಧಶತಮಾನವನ್ನು ಕಳೆದ ಅಮೆರಿಕಾ ದೇಶದ ಪ್ರೊಫೆಸರ್ ಲೆಸ್ಟರ್ ಲುಬೋರ್ಸ್ಕಿಯ ಕೃತಿಗಳು ಇಲ್ಲಿಯ ವಿಚಾರಕ್ಕೆ ವಿಷಯ.

ಆತನು ಪ್ರವೇಶಿಸಿದ ರಂಗವು ಎಂತಹುದೆಂಬುದನ್ನು ಮೊದಲು ತಿಳಿಯಬೇಕು. ೧೯೫೨ರಲ್ಲಿ ಲಂಡನ್ನಿನ ಹಾನ್ಸ್ ಐಸೆಂಕನು ಒಂದು ಕಿರಿದಾದ ಲೇಖನವನ್ನು ಪ್ರಕಟಿಸಿದನು. ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ವರದಿಗಳನ್ನು ಕೂಡಿಸಿ ನೋಡಲಾಗಿ, ಮನೋವಿಶ್ಲೇಷಣೆಗೆ ಒಳಗಾದವರಲ್ಲಿ ನೂರಕ್ಕೆ ೪೪ ಮಂದಿಗೂ, ಮಿಶ್ರಪದ್ಧತಿಯ ಚಿಕಿತ್ಸೆಯನ್ನು ಪಡೆದವರಲ್ಲಿ ೬೪ ಮಂದಿಗೂ, ಆಸ್ಪತ್ರೆಯ ಪಾಲನೆಯನ್ನೋ ಸಾಮಾನ್ಯ ವೈದ್ಯನ ಆರೈಕೆಯನ್ನೋ ಮಾತ್ರ ಪಡೆದವರಲ್ಲಿ ೭೨ ಮಂದಿಗೂ ಗುಣವಾಯಿತೆಂಬುದು ಆತನ ಗಣನೆ. ಎಂದರೆ, ಚಿಕಿತ್ಸೆಯು ಹೆಚ್ಚಿದಷ್ಟೂ ಗುಣವು ಕಡಿಮೆ! ಈ ಗಣನೆಯ ದೋಷಗಳನ್ನು ಅನೇಕರು ಬೇಗನೆ ತೋರಿಸಿಕೊಟ್ಟರು. ಗುಣವೆಂಬ ಪದಕ್ಕೆ ಒಂದೊಂದು ವರದಿಯಲ್ಲಿ ಒಂದೊಂದು ಅರ್ಥವಿದ್ದಿತು. ವಿಶ್ಲೇಷಣೆಯನ್ನು ನಡುವೆ ಬಿಟ್ಟುಹೋದವರನ್ನೆಲ್ಲ ಗುಣವಾಗದವರ ಲೆಕ್ಕಕ್ಕೆ ಸೇರಿಸಲಾಗಿದ್ದಿತು. ಆದರೂ ಬಾಣವು ನಾಟಿತು. ವಿಶ್ಲೇಷಕರಲ್ಲಿ ಹಲವರು, ಅಂತರಂಗದ ವ್ಯಾಪಾರವನ್ನು ಅಂಕಿಗಳಿಂದ ಅಳೆಯುವುದು ಅಪಚಾರವೆಂದು ಹೇಳಿ ಬಾಗಿಲನ್ನು ಮುಚ್ಚಿಕೊಂಡರು. ಇದು ವಾದವಲ್ಲ, ವಾದದಿಂದ ತಪ್ಪಿಸಿಕೊಳ್ಳುವ ಉಪಾಯ. ಪ್ರತಿವಾದಿಯ ಪ್ರಮಾಣವನ್ನು ಒಪ್ಪದಿದ್ದವನು ತನ್ನ ಪ್ರಮಾಣವನ್ನಾದರೂ ತೋರಿಸಬೇಕಷ್ಟೆ. ಗುರುವಾಕ್ಯವೊಂದೇ ಪ್ರಮಾಣವೆಂದು ಸುಮ್ಮನಾಗುವ ಪಂಡಿತರು ನಮ್ಮ ದೇಶದಲ್ಲಿ ಮಾತ್ರ ಇರುವರೆಂಬ ತಿಳಿವಳಿಕೆಯು ಸರಿಯಲ್ಲ.

ಲುಬೋರ್ಸ್ಕಿಯು ಫಿಲಡೆಲ್ಫಿಯಾ ನಗರದಲ್ಲಿ ೧೯೨೦ರಲ್ಲಿ ಜನಿಸಿದನು. ೧೯೪೫ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿಯನ್ನು ಪಡೆದು, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೇಮಂಡ್ ಕ್ಯಾಟೆಲನೊಡನೆ ಕೆಲಸ ಮಾಡಿದನು. ಕ್ಯಾಟೆಲನು ಗಣಿತದಿಂದ ಮನುಷ್ಯಸ್ವಭಾವವನ್ನು ವಿಭಾಗಿಸಲು ಹೊರಟವನು. ಇವರಿಬ್ಬರೂ ಕೂಡಿ ೧೯೫೦ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ನೂರು ಜನರನ್ನು ಒಂದು ಸಲ ಅಳೆಯುವುದಕ್ಕೆ ಬದಲಾಗಿ ಒಬ್ಬನನ್ನೇ ದಿನದಿನವೂ ಅಳೆದು ಅವನಲ್ಲಿ ಏನು ಏನರೊಡನೆ ಕೂಡಿ ಏರಿಳಿಯುವುದೆಂದು ಕಾಣುವ ಕ್ರಮವನ್ನು ತೋರಿಸಿದರು. ಮುಂದಿನ ಲುಬೋರ್ಸ್ಕಿಯೆಲ್ಲ ಬೀಜರೂಪವಾಗಿ ಇಲ್ಲಿಯೇ ಇರುವನು. ೧೯೪೭ರಿಂದ ೧೯೫೯ರವರೆಗೆ ಕಾನ್ಸಾಸ್ ಪ್ರಾಂತ್ಯದ ಟೊಪೀಕಾದಲ್ಲಿದ್ದ ಮೆನಿಂಜರ್ ಸಂಸ್ಥೆಯಲ್ಲಿಯೂ, ಆಮೇಲೆ ಹುಟ್ಟೂರಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿಯೂ ಆತನ ವ್ಯವಸಾಯವು ಸಾಗಿತು. ೨೦೦೯ರಲ್ಲಿ ದೇಹಾವಸಾನವಾಯಿತು. ಜೀವನದ ಬಾಹ್ಯವೃತ್ತಾಂತವು ಇಷ್ಟೇ; ವಿದ್ವಾಂಸನ ಚರಿತ್ರೆಯು ಅವನ ಗ್ರಂಥಗಳಲ್ಲಿರುವುದಲ್ಲದೆ ಬೇರೆಡೆಯಲ್ಲಿಲ್ಲ.

ಮೆನಿಂಜರ್ ಸಂಸ್ಥೆಯಲ್ಲಿ ಕೈಕೊಂಡ ಕಾರ್ಯದಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳಿದರೆ ಸಾಕು. ಅಲ್ಲಿ ೪೨ ಮಂದಿ ರೋಗಿಗಳನ್ನು ದೀರ್ಘಕಾಲ ಅನುಸರಿಸುವ ಒಂದು ಮಹಾಪ್ರಯತ್ನವು ೧೯೫೪ರಲ್ಲಿ ಆರಂಭವಾಯಿತು. ರೋಗಿಯು ಮೊದಲು ಹೇಗಿದ್ದನು, ಈಗ ಹೇಗಿರುವನು ಎಂದು ಹೋಲಿಸಬೇಕಾದರೆ ಎರಡಕ್ಕೂ ಸಮಾನವಾದ ಮಾನವೊಂದು ಬೇಕು. ಈ ಅಗತ್ಯದಿಂದ ಹುಟ್ಟಿದ ಆರೋಗ್ಯ-ಅನಾರೋಗ್ಯ ಮಾನದಂಡವನ್ನು ಲುಬೋರ್ಸ್ಕಿಯು ೧೯೬೨ರಲ್ಲಿ ವಿವರಿಸಿದನು. ಸೊನ್ನೆಯಿಂದ ನೂರರವರೆಗಿನ ಒಂದು ಏಣಿ. ಒಂದೊಂದು ಮೆಟ್ಟಿಲಿನ ಬಳಿಯಲ್ಲಿಯೂ ನಿದರ್ಶನಕ್ಕಾಗಿ ರೋಗಿಗಳ ವರ್ಣನೆ. ಇದರ ಸಂತತಿಯಾದ ಇನ್ನೊಂದು ಮಾನದಂಡವು ೧೯೭೬ರಲ್ಲಿಯೂ, ಅದರ ಪರಿಷ್ಕಾರವು ೧೯೮೭ರಲ್ಲಿ ಅಮೆರಿಕಾದ ಮನೋವೈದ್ಯರ ಅಧಿಕೃತ ರೋಗನಿರ್ಣಯಗ್ರಂಥದಲ್ಲಿಯೂ ಕಾಣಿಸಿಕೊಂಡವು. ೨೦೧೩ರ ಆವೃತ್ತಿಯಲ್ಲಿ ಅದನ್ನು ಕೈಬಿಡಲಾಯಿತು. ದಶಕಗಳ ಕಾಲ ಲೋಕದ ಆಸ್ಪತ್ರೆಗಳಲ್ಲಿ ಈ ಏಣಿಯ ಮೇಲೆ ಅಂಕಗಳನ್ನು ಬರೆದವರಲ್ಲಿ ಎಷ್ಟು ಮಂದಿಗೆ ಅದರ ಮೂಲಪುರುಷನ ಹೆಸರು ತಿಳಿದಿದ್ದಿತು? ಉಪಯುಕ್ತವಾದ ವಸ್ತುವಿನ ಕರ್ತೃವು ಬೇಗ ಮರೆಯಾಗುವನು.

ಐಸೆಂಕನಿಗೆ ಲುಬೋರ್ಸ್ಕಿಯು ಕೊಟ್ಟ ಪ್ರಸಿದ್ಧವಾದ ಉತ್ತರವು ೧೯೭೫ರ ಲೇಖನ. ಇದನ್ನು ಇನ್ನಿಬ್ಬರು ಸಹಕರ್ತೃಗಳೊಡನೆ ಬರೆದನು. ಬೇರೆಬೇರೆ ಚಿಕಿತ್ಸಾಪದ್ಧತಿಗಳನ್ನು ಪರಸ್ಪರ ಹೋಲಿಸಿದ ಅಧ್ಯಯನಗಳನ್ನೆಲ್ಲ ಕಲೆಹಾಕಿ, ಒಂದೊಂದರ ಪ್ರಾಮಾಣ್ಯಕ್ಕೂ ದರ್ಜೆಯನ್ನು ಗೊತ್ತುಮಾಡಿ, ಯಾವುದು ಗೆದ್ದಿತು, ಯಾವುದು ಸೋತಿತು, ಎಲ್ಲಿ ಸಮವಾಯಿತು ಎಂದು ಎಣಿಸುವುದು ಇದರ ಕ್ರಮ. ಚಿಕಿತ್ಸೆ ಪಡೆದವರು ಪಡೆಯದವರಿಗಿಂತ ಬಹುಮಟ್ಟಿಗೆ ಮೇಲಾದರೆಂಬುದೂ, ಚಿಕಿತ್ಸೆಗಳನ್ನು ತಮ್ಮತಮ್ಮೊಳಗೆ ಹೋಲಿಸಿದಾಗ ಬಹುತೇಕ ಸಮವೇ ಆಯಿತೆಂಬುದೂ ಫಲಿತಾಂಶ. ಲೇಖನದ ಹೆಸರಿನಲ್ಲಿ ಲೂಯಿಸ್ ಕ್ಯಾರಲನ ೧೮೬೫ರ ಮಕ್ಕಳ ಕಥೆಯ ಡೋಡೋ ಪಕ್ಷಿಯ ತೀರ್ಪು ಸೂಚಿತವಾಗಿದೆ. ಗುರಿಯೂ ಗೆರೆಯೂ ಇಲ್ಲದ ಓಟವನ್ನು ಓಡಿಸಿ, ಓಡಿದವರೆಲ್ಲರೂ ಗೆದ್ದರೆಂದು ಆ ಪಕ್ಷಿಯು ಸಾರುತ್ತದೆ. ಈ ಉಪಮೆಯು ಲುಬೋರ್ಸ್ಕಿಯದಲ್ಲ. ಸಾಲ್ ರೋಸೆನ್‌ಟ್ಸ್‌ವೈಗನು ೧೯೩೬ರಲ್ಲಿಯೇ ಇದನ್ನು ಬಳಸಿ, ಚಿಕಿತ್ಸೆಗಳು ಭಿನ್ನವಾಗಿ ತೋರಿದರೂ ಅವೆಲ್ಲಕ್ಕೂ ಸಾಮಾನ್ಯವಾದ ಅಂಶಗಳಿಂದಲೇ ಫಲವು ಉಂಟಾಗುತ್ತಿರಬಹುದೆಂದು ಹೇಳಿದ್ದನು.

ಈ ಲೇಖನವನ್ನು ಓದಿದವರಲ್ಲಿ ಅನೇಕರು ಅದರ ಹೆಸರಿನ ಕೊನೆಗಿರುವ ಪ್ರಶ್ನಾರ್ಥಕ ಚಿಹ್ನೆಯನ್ನು ಓದಲಿಲ್ಲ. ನಿಜವೇ ಎಂದು ಕೇಳಿದವನನ್ನು ನಿಜವೆಂದು ಸಾರಿದವನನ್ನಾಗಿ ಮಾಡಿದರು. ಗೊತ್ತಾದ ಒಂದೇ ವಸ್ತುವಿನ ಭಯಕ್ಕೆ ನಡವಳಿಕೆಯನ್ನು ತಿದ್ದುವ ಚಿಕಿತ್ಸೆಯೂ, ಮನಸ್ಸಿನಿಂದ ದೇಹಕ್ಕಿಳಿಯುವ ವ್ಯಾಧಿಗಳಿಗೆ ಔಷಧದೊಡನೆ ಮಾತಿನ ಚಿಕಿತ್ಸೆಯೂ ಹೆಚ್ಚು ಫಲಕಾರಿಯೆಂಬ ವಿಶೇಷಗಳನ್ನು ಲೇಖನದಲ್ಲಿಯೇ ಎತ್ತಿಹೇಳಲಾಗಿದೆ. ಆದರೂ ಕ್ರಮದಲ್ಲಿ ಒಂದು ದೌರ್ಬಲ್ಯವುಂಟು. ಗೆಲವು ಸೋಲುಗಳನ್ನು ಮಾತ್ರ ಎಣಿಸಿದರೆ ಎಷ್ಟು ಅಂತರದಿಂದ ಎಂಬುದು ತಿಳಿಯದು. ಕೆಲವೇ ರೋಗಿಗಳಿರುವ ಅಧ್ಯಯನದಲ್ಲಿ ನಿಜವಾದ ಅಂತರವೂ ಸಮವೆಂದು ತೋರುವುದು. ಎರಡು ವರ್ಷಗಳಲ್ಲಿಯೇ, ೧೯೭೭ರಲ್ಲಿ, ಸ್ಮಿತ್ ಮತ್ತು ಗ್ಲಾಸ್ ಎಂಬವರು ೩೭೫ ಅಧ್ಯಯನಗಳ ಅಂತರಗಳನ್ನೇ ಅಳೆದು ಕೂಡಿಸುವ ಹೊಸ ಗಣಿತವನ್ನು ತಂದರು. ಅವರ ನಿರ್ಣಯವೂ ಇದೇ ದಿಕ್ಕಿನಲ್ಲಿದ್ದಿತು. ಕ್ರಮವು ಹಳತಾದರೂ ನಿರ್ಣಯವು ಉಳಿದುದು ಲೇಖಕನ ಭಾಗ್ಯವೆಂದೇ ಹೇಳಬೇಕು.

ಆದರೆ ಲುಬೋರ್ಸ್ಕಿಯನ್ನು ಡೋಡೋ ಪಕ್ಷಿಯ ವಕ್ತಾರನೆಂದು ಮಾತ್ರ ನೆನೆಯುವುದು ಅನ್ಯಾಯ. ಆತನ ಸ್ವೋಪಜ್ಞವಾದ ಕಾಣಿಕೆಯು ಬೇರೆ. ಅದು ೧೯೭೭ರಲ್ಲಿ ಮೊದಲು ಪ್ರಕಟವಾಗಿ, ೧೯೯೦ರಲ್ಲಿ ಪಾಲ್ ಕ್ರಿಟ್ಸ್-ಕ್ರಿಸ್ಟೋಫನೊಡನೆ ರಚಿಸಿದ ಭಾವಸಂಕ್ರಮವನ್ನು ಕುರಿತ ಗ್ರಂಥದಲ್ಲಿ ವಿಸ್ತಾರಗೊಂಡಿತು. ಅದಕ್ಕೆ ಸಂಬಂಧಗಳ ಮೂಲದ್ವಂದ್ವಸೂತ್ರ ಎಂದು ಕನ್ನಡದಲ್ಲಿ ಹೆಸರಿಡಬಹುದು. ಭಾವಸಂಕ್ರಮವೆಂದರೆ, ರೋಗಿಯು ಹಿಂದೆ ತನ್ನವರ ವಿಷಯದಲ್ಲಿ ಅನುಭವಿಸಿದ ಪ್ರೀತಿ ಭಯ ಕೋಪಗಳನ್ನು ಈಗ ಚಿಕಿತ್ಸಕನ ಮೇಲೆ ಆರೋಪಿಸುವುದು. ಫ್ರಾಯ್ಡನು ೧೯೧೨ರಲ್ಲಿ ಇದನ್ನು ಅಚ್ಚುಕೂಟದ ಎರಕದ ಪಡಿಯಚ್ಚಿಗೆ ಹೋಲಿಸಿದ್ದನು. ಪಡಿಯಚ್ಚು ಒಂದೇ; ಕಾಗದಗಳು ಮಾತ್ರ ಬೇರೆ. ಈ ಉಪಮೆಯು ರಮ್ಯವಾದರೂ, ಇಂಥ ರೋಗಿಯ ಪಡಿಯಚ್ಚು ಇಂಥದೆಂದು ಒಬ್ಬ ವಿಶ್ಲೇಷಕನು ಹೇಳಿದರೆ ಇನ್ನೊಬ್ಬನು ಬೇರೊಂದನ್ನು ಹೇಳುತ್ತಿದ್ದನು. ಇಬ್ಬರಲ್ಲಿ ಯಾರ ಮಾತು ಸರಿಯೆಂದು ನಿರ್ಣಯಿಸುವ ದಾರಿಯಿರಲಿಲ್ಲ.

ಲುಬೋರ್ಸ್ಕಿಯು ಮಾಡಿದುದೇನೆಂದರೆ, ಚಿಕಿತ್ಸಾಸಮಯದ ಸಂಭಾಷಣೆಗಳನ್ನು ಧ್ವನಿಮುದ್ರಣ ಮಾಡಿಸಿ ಅಕ್ಷರಶಃ ಬರೆಯಿಸಿ, ಅದರಲ್ಲಿ ರೋಗಿಯು ಬೇರೊಬ್ಬರೊಡನೆ ನಡೆದ ವ್ಯವಹಾರವನ್ನು ಕಥೆಯಾಗಿ ಹೇಳುವ ಪ್ರಸಂಗಗಳನ್ನು ಆರಿಸುವುದು. ಸುಮಾರು ಹತ್ತು ಪ್ರಸಂಗಗಳಾದರೂ ಬೇಕು. ಒಂದೊಂದು ಪ್ರಸಂಗದಲ್ಲಿಯೂ ಮೂರು ಅಂಗಗಳು: ರೋಗಿಯ ಇಚ್ಛೆ, ಅದಕ್ಕೆ ಎದುರಿನವರ ಪ್ರತಿಕ್ರಿಯೆ, ಅದರ ಮೇಲೆ ರೋಗಿಯ ಸ್ವಂತ ಪ್ರತಿಕ್ರಿಯೆ. ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳಬಹುದು. ಒಬ್ಬನು ಮೇಲಧಿಕಾರಿಗೆ ತನ್ನ ಕೆಲಸವನ್ನು ತೋರಿಸಲು ಹೋದುದನ್ನೂ, ಆತನು ತಲೆಯೆತ್ತದೆ ಕಾಗದವನ್ನು ಬದಿಗಿಟ್ಟುದನ್ನೂ, ತಾನು ಮಾತಿಲ್ಲದೆ ಹಿಂದಿರುಗಿದುದನ್ನೂ ಹೇಳುತ್ತಾನೆ. ಇನ್ನೊಂದು ದಿನ, ಹೆಂಡತಿಯೊಡನೆ ಮನಸ್ಸಿನ ದುಗುಡವನ್ನು ಹೇಳಿಕೊಳ್ಳಲು ಹೋಗಿ, ಆಕೆ ಅಡಿಗೆಯ ಮನೆಗೆ ಎದ್ದುಹೋದುದರಿಂದ ಬಾಯಿ ಕಟ್ಟಿತೆಂದು ಹೇಳುತ್ತಾನೆ. ಮತ್ತೊಮ್ಮೆ, ಬಾಲ್ಯದಲ್ಲಿ ಬಹುಮಾನದ ಪುಸ್ತಕವನ್ನು ತಂದೆಗೆ ತೋರಿಸಿದ ಕಥೆ. ಕೊನೆಗೆ ಒಂದು ದಿನ ಚಿಕಿತ್ಸಕನನ್ನೇ ಕುರಿತು, ನಾನು ಮಾತನಾಡುತ್ತಿರುವಾಗ ನೀವು ಗಡಿಯಾರವನ್ನು ನೋಡಿದಿರಿ ಎಂದು ಹೇಳಿ ಮೌನವಾಗುತ್ತಾನೆ. ಪಾತ್ರಗಳು ನಾಲ್ಕು, ಕಥೆ ಒಂದು. ಗುರುತಿಸಲ್ಪಡಬೇಕೆಂಬುದು ಇಚ್ಛೆ, ಅಲಕ್ಷ್ಯವು ಎದುರಿನ ಉತ್ತರ, ಮೌನವು ತನ್ನ ಉತ್ತರ. ಯಾವ ಇಚ್ಛೆ, ಯಾವ ಪ್ರತಿಕ್ರಿಯೆಗಳು ಹೆಚ್ಚು ಪ್ರಸಂಗಗಳಲ್ಲಿ ಮರಳಿ ಬರುವುವೋ ಅವುಗಳ ಕೂಟವೇ ಮೂಲದ್ವಂದ್ವಸೂತ್ರ. ಒಂದೇ ಬರವಣಿಗೆಯನ್ನು ಹಲವು ಮಂದಿ ನಿರ್ಣಾಯಕರಿಗೆ ಪ್ರತ್ಯೇಕವಾಗಿ ಕೊಟ್ಟಾಗ ಅವರ ನಿರ್ಣಯಗಳಲ್ಲಿ ಸಾಕಷ್ಟು ಐಕಮತ್ಯವು ಕಂಡುಬಂದಿತು. ಅಂತರಂಗದ ವ್ಯಾಖ್ಯಾನದಲ್ಲಿ ಇಷ್ಟು ಐಕಮತ್ಯವೇ ದೊಡ್ಡದು.

ಸಂಸ್ಕೃತಶಾಸ್ತ್ರಗಳ ಪರಿಚಯವಿರುವ ವಾಚಕರಿಗೆ ಈ ಕ್ರಮವು ಹೊಸದೆನಿಸದು. ಗ್ರಂಥವೊಂದರ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರೂ ವೇದಾಂತಿಗಳೂ ಹೇಳುವ ಆರು ಲಿಂಗಗಳಲ್ಲಿ ಅಭ್ಯಾಸವೆಂಬುದು ಒಂದು. ಯಾವುದು ಮರಳಿ ಮರಳಿ ಹೇಳಲ್ಪಡುವುದೋ ಅದರಲ್ಲಿಯೇ ಗ್ರಂಥದ ತಾತ್ಪರ್ಯ. ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಒಂದೇ ಮಹಾವಾಕ್ಯವು ಒಂಬತ್ತು ಸಲ ಆವರ್ತಿಸುವುದನ್ನು ಇದಕ್ಕೆ ಉದಾಹರಣೆಯಾಗಿ ಕೊಡುವರು. ಲುಬೋರ್ಸ್ಕಿಯು ಈ ಶಾಸ್ತ್ರವನ್ನು ನೋಡಿದವನೆಂದು ಹೇಳಲು ಯಾವ ಆಧಾರವೂ ಇಲ್ಲ; ಹೇಳಬೇಕಾದ ಅಗತ್ಯವೂ ಇಲ್ಲ. ಅರ್ಥವನ್ನು ನಿರ್ಣಯಿಸಬೇಕಾದ ಅಗತ್ಯವು ಬಿದ್ದಲ್ಲಿ ಮನುಷ್ಯಬುದ್ಧಿಯು ಒಂದೇ ದಾರಿಯನ್ನು ಹಿಡಿದರೆ ಆಶ್ಚರ್ಯವೇನು? ಆದರೆ ಒಂದು ಭೇದವನ್ನು ಮರೆಯಬಾರದು. ಶಾಸ್ತ್ರದಲ್ಲಿ ಆವೃತ್ತಿಯು ಬೋಧನೆಗಾಗಿ, ಶಿಷ್ಯನ ಸಂಶಯವನ್ನು ಕಳೆಯುವುದಕ್ಕಾಗಿ ಬಂದುದು. ಇಲ್ಲಿಯದಾದರೋ ಹೇಳುವವನಿಗೇ ತಿಳಿಯದ ಆವೃತ್ತಿ. ಅವನು ಪ್ರತಿಯೊಂದು ಸಲವೂ ಹೊಸ ಕಥೆಯನ್ನು ಹೇಳುತ್ತಿರುವೆನೆಂದೇ ತಿಳಿದಿರುತ್ತಾನೆ. ಆದುದರಿಂದಲೇ ಅದನ್ನು ಅವನಿಗೆ ತೋರಿಸುವುದು ಚಿಕಿತ್ಸೆಯಾಗುತ್ತದೆ.

ತೋರಿಸಿದರೆ ಫಲವುಂಟೇ ಎಂಬ ಪ್ರಶ್ನೆಯನ್ನೂ ಬಿಡಲಿಲ್ಲ. ೧೯೮೮ರಲ್ಲಿ ಪ್ರಕಟವಾದ, ೪೩ ಮಂದಿ ರೋಗಿಗಳನ್ನು ಕುರಿತ ಅಧ್ಯಯನದಲ್ಲಿ, ಚಿಕಿತ್ಸಕನು ಹೇಳಿದ ವ್ಯಾಖ್ಯಾನವು ಸ್ವತಂತ್ರವಾಗಿ ನಿರ್ಣಯಿಸಿದ ಮೂಲಸೂತ್ರಕ್ಕೆ ಎಷ್ಟು ಹತ್ತಿರವಾಗಿದ್ದಿತೆಂದು ಅಳೆದರು. ಇಚ್ಛೆಯನ್ನೂ ಪರರ ಪ್ರತಿಕ್ರಿಯೆಯನ್ನೂ ಸರಿಯಾಗಿ ಹಿಡಿದ ವ್ಯಾಖ್ಯಾನಗಳಿಗೂ ರೋಗಿಯ ಗುಣಕ್ಕೂ ಸಂಬಂಧವು ಕಂಡುಬಂದಿತು; ಸ್ವಂತ ಪ್ರತಿಕ್ರಿಯೆಯನ್ನು ಮಾತ್ರ ಹಿಡಿದವುಗಳಿಗೆ ಅಂತಹ ಸಂಬಂಧವಿರಲಿಲ್ಲ. ನಿನಗೆ ದುಃಖವಾಗಿದೆ ಎಂದು ದುಃಖಿತನಿಗೆ ಹೇಳಿದರೆ ಅವನಿಗೆ ಹೊಸದೇನು ತಿಳಿದಂತಾಯಿತು? ಏತಕ್ಕಾಗಿ ಬಯಸಿದೆ, ಯಾರಿಂದ ಏನಾಗುವುದೆಂದು ಅಂಜಿದೆ ಎಂಬುದನ್ನು ಹೇಳಿದಾಗಲೇ ಮಾತು ಒಳಕ್ಕೆ ಇಳಿಯುವುದು. ೧೯೯೦ರ ಗ್ರಂಥದಲ್ಲಿ, ೩೩ ಮಂದಿಯ ಸೂತ್ರಗಳನ್ನು ಚಿಕಿತ್ಸೆಯ ಆದಿಯಲ್ಲಿಯೂ ಅಂತ್ಯದಲ್ಲಿಯೂ ಹೋಲಿಸಿದ ಭಾಗವು ಇದಕ್ಕಿಂತಲೂ ಮನೋಹರವಾದುದು. ಪರರ ಪ್ರತಿಕ್ರಿಯೆಯೂ ಸ್ವಂತ ಪ್ರತಿಕ್ರಿಯೆಯೂ ಸಾಕಷ್ಟು ಬದಲಾದುವು. ಇಚ್ಛೆಯು ಮಾತ್ರ ಎಲ್ಲಕ್ಕಿಂತ ಕಡಿಮೆ ಬದಲಾಯಿತು. ಚಿಕಿತ್ಸೆಯಿಂದ ಮನುಷ್ಯನ ಬಯಕೆಯು ಮಾಯವಾಗುವುದಿಲ್ಲ. ಬಯಕೆಯೊಡನೆ ಬಾಳುವ ರೀತಿಯು ಬೇರೆಯಾಗುತ್ತದೆ. ಸ್ಥಾಯಿಯು ನಿಂತು ಸಂಚಾರಿಗಳು ಮಾತ್ರ ಸಂಚರಿಸುವುವೆಂಬ ರಸಶಾಸ್ತ್ರದ ಮಾತನ್ನು ಇದು ಜ್ಞಾಪಕಕ್ಕೆ ತರುವುದು.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಮೊದಲಿನದು, ನಿರ್ಣಾಯಕರ ಐಕಮತ್ಯಕ್ಕಾಗಿ ತೆತ್ತ ಬೆಲೆಯನ್ನು ಕುರಿತುದು. ಆರಂಭದಲ್ಲಿ ಪ್ರತಿ ರೋಗಿಯ ಸೂತ್ರವನ್ನೂ ಅವನ ಮಾತುಗಳಿಗೆ ಹತ್ತಿರವಾದ ಮಾತುಗಳಲ್ಲಿಯೇ ಬರೆಯುತ್ತಿದ್ದರು. ಬೇರೆಬೇರೆ ರೋಗಿಗಳನ್ನು ಹೋಲಿಸುವುದಕ್ಕಾಗಿ ಆಮೇಲೆ ಸಿದ್ಧವಾದ ಪಟ್ಟಿಗಳು ಬಂದವು. ಪಟ್ಟಿಗಳನ್ನೂ ಸಂಕ್ಷೇಪಿಸಿ ಮೂರು ಅಂಗಗಳಿಗೂ ಎಂಟೆಂಟು ಗುಂಪುಗಳನ್ನು ಮಾಡಿದರು. (ಭರತನು ಹೇಳಿದ ಸ್ಥಾಯಿಭಾವಗಳೂ ಎಂಟೇ ಆಗಿರುವುದು ಕಾಗೆ ಕುಳಿತ ಹಾಗೆಯೇ ಸರಿ.) ಅಡಿಗೆಯ ಮನೆಗೆ ಎದ್ದುಹೋದ ಹೆಂಡತಿಯೂ ಕಾಗದವನ್ನು ಬದಿಗಿಟ್ಟ ಅಧಿಕಾರಿಯೂ ಒಂದೇ ಗುಂಪಿನ ಒಂದೇ ಪದದಲ್ಲಿ ಲೀನವಾದಾಗ ಧ್ವನಿಯೆಂಬುದು ಹೊರಟುಹೋಯಿತು. ಈ ಪಟ್ಟಿಗಳಿಂದ ತೃಪ್ತರಾಗದೆ ಜರ್ಮನಿಯ ಲೈಪ್ಸಿಗ್ ಮತ್ತು ಉಲ್ಮ್ ನಗರಗಳ ವಿದ್ವಾಂಸರು ಅವುಗಳನ್ನು ಪುನಃ ರಚಿಸಿದರು. ಆದರೆ ಪಟ್ಟಿಯನ್ನು ಪಟ್ಟಿಯಿಂದ ತಿದ್ದಿದರೆ ಈ ಆಕ್ಷೇಪವು ಹೋಗುವುದಿಲ್ಲ. ಲುಬೋರ್ಸ್ಕಿಯ ಪಕ್ಷದಲ್ಲಿ ಇಷ್ಟನ್ನು ಹೇಳಬಹುದು. ವೈಯಾಕರಣನು ಕಾವ್ಯದ ಪದಗಳಿಗೆ ಧಾತುವನ್ನು ಹೇಳಿದ ಮಾತ್ರಕ್ಕೆ ಕಾವ್ಯವು ಕೆಡುವುದಿಲ್ಲ, ವ್ಯಾಕರಣವನ್ನೇ ಕಾವ್ಯವೆಂದು ತಿಳಿದಾಗ ಕೆಡುವುದು. ಚಿಕಿತ್ಸಕನು ಪಟ್ಟಿಯನ್ನು ಮುಂದಿಟ್ಟುಕೊಂಡು ರೋಗಿಯ ಮಾತನ್ನು ಕೇಳಬೇಕೆಂದು ಆತನು ಹೇಳಿದವನಲ್ಲ.

ಎರಡನೆಯ ಆಕ್ಷೇಪವು ಹೆಚ್ಚು ಆಳವಾದುದು. ಹೆಚ್ಚು ಸಲ ಬಂದುದೇ ಮೂಲವೆಂದರೆ, ಒಂದೇ ಸಲ ನಾಲಗೆಯ ತುದಿಗೆ ಬಂದು ಅಡಗಿದುದರ ಗತಿಯೇನು? ಆರು ಲಿಂಗಗಳಲ್ಲಿ ಅಭ್ಯಾಸದ ಜೊತೆಗೆ ಅಪೂರ್ವತೆಯೂ ಇರುವುದು ಸುಮ್ಮನೆಯಲ್ಲ. ಮೂಲದ್ವಂದ್ವಸೂತ್ರದ ಗಣನೆಯಲ್ಲಿ ಅಪೂರ್ವತೆಗೆ ಸ್ಥಾನವಿಲ್ಲ. ಆದರೆ ಗ್ರಂಥಕರ್ತನು ಈ ಮುಖವನ್ನು ಕಾಣದವನಲ್ಲ. ಅದನ್ನು ಬೇರೊಂದು ಕಡೆಯಲ್ಲಿ ಹಿಡಿದನು. ಚಿಕಿತ್ಸೆಯ ನಡುವೆ ರೋಗಿಯು ಕೆಲವು ವೇಳೆ, ಏನನ್ನೋ ಹೇಳಬೇಕೆಂದಿದ್ದೆ, ಮರೆತುಹೋಯಿತು ಎನ್ನುವುದುಂಟು. ಈ ಕ್ಷಣಿಕವಾದ ಮರೆವನ್ನು ೧೯೬೦ರ ದಶಕದಿಂದಲೇ ಆತನು ಬೆನ್ನಟ್ಟಿದನು. ಮರೆವಿಗೆ ಮುಂಚಿನ ಮಾತುಗಳನ್ನು ಒಂದು ಕಡೆಗೂ, ಮರೆವಿಲ್ಲದ ಭಾಗಗಳ ಮಾತುಗಳನ್ನು ಇನ್ನೊಂದು ಕಡೆಗೂ ಇಟ್ಟು, ಇಲ್ಲಿದ್ದು ಅಲ್ಲಿಲ್ಲದುದು ಯಾವುದೆಂದು ಕೇಳಿದನು. ತಾರ್ಕಿಕರ ಅನ್ವಯವ್ಯತಿರೇಕಗಳೇ ಇವು. ಮರೆವಿಗೆ ಮುಂಚೆ ಚಿಕಿತ್ಸಕನ ಕಡೆಗೆ ಮನಸ್ಸಿನ ತೊಡಗುವಿಕೆಯು ಏರುತ್ತಿದ್ದುದು ಕಂಡುಬಂದಿತು. ಹೊಟ್ಟೆನೋವು, ತಲೆನೋವು ಮುಂತಾದವು ಮಾತಿನ ಮಧ್ಯದಲ್ಲಿ ತಲೆದೋರಿದ ಪ್ರಸಂಗಗಳನ್ನೂ ಇದೇ ರೀತಿಯಲ್ಲಿ ಪರೀಕ್ಷಿಸಿ, ೧೯೯೬ರಲ್ಲಿ ರೋಗಲಕ್ಷಣ ಮತ್ತು ಸಂದರ್ಭಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಒಂದು ಸಣ್ಣ ಮರೆವಿಗಾಗಿ ಮೂವತ್ತು ವರ್ಷಗಳು! ಇಂತಹ ತಾಳ್ಮೆಯನ್ನು ವೃತ್ತಿಯ ಏಳಿಗೆಗಾಗಿ ಗ್ರಂಥಗಳನ್ನು ಬೆಳೆಯಿಸುವವರಲ್ಲಿ ಹುಡುಕಬೇಕಾಗಿಲ್ಲ.

೧೯೮೪ರ ಕೈಪಿಡಿಯು ಚಿಕಿತ್ಸಕರಲ್ಲಿ ಹೆಚ್ಚಾಗಿ ಪ್ರಚಾರವಾದುದು. ಪೆನ್ಸಿಲ್ವೇನಿಯಾದಲ್ಲಿಯೇ ಇದ್ದ, ಮೊದಲು ವಿಶ್ಲೇಷಕನಾಗಿ ಆಮೇಲೆ ಆ ಸಂಪ್ರದಾಯವನ್ನು ಬಿಟ್ಟ ಏರನ್ ಬೆಕ್ಕನು ೧೯೭೯ರಲ್ಲಿ ಸಹಕರ್ತೃಗಳೊಡನೆ ವಿಷಾದರೋಗದ ಚಿಕಿತ್ಸೆಗೆ ಕ್ರಮಬದ್ಧವಾದ ಕೈಪಿಡಿಯನ್ನು ಬರೆದಿದ್ದನು. ಕೈಪಿಡಿಯಿಲ್ಲದೆ ಹೋದರೆ, ಹತ್ತು ಮಂದಿ ಮಾಡಿದ ಚಿಕಿತ್ಸೆಯು ಒಂದೇ ಚಿಕಿತ್ಸೆಯೆಂದು ಹೇಳುವ ಬಗೆಯಿಲ್ಲ, ಪರೀಕ್ಷೆಯೂ ಇಲ್ಲ. ಗುರುಮುಖದಿಂದಲೇ ಬರಬೇಕಾದುದನ್ನು ಪುಸ್ತಕಕ್ಕೆ ಇಳಿಸಬಾರದೆಂದು ವಿಶ್ಲೇಷಕರಲ್ಲಿ ಅನೇಕರು ತಿಳಿದಿದ್ದಾಗ ಲುಬೋರ್ಸ್ಕಿಯು ಅದನ್ನು ಇಳಿಸಿದನು. ಆಸರೆಯನ್ನು ಕೊಡುವುದು, ಒಳಗಿನದನ್ನು ಹೊರಗೆ ಆಡಿಸಿ ತಿಳಿಸುವುದು ಎಂಬ ಎರಡು ಕಾಲುಗಳ ಮೇಲೆ ಆ ಪದ್ಧತಿಯು ನಿಂತಿದೆ. ರೋಗಿಯು ದುರ್ಬಲನಾದಷ್ಟೂ ಆಸರೆ ಹೆಚ್ಚು. ಈ ಸಮತೋಲನದ ವಿವೇಚನೆಯಲ್ಲಿ ಗ್ರಂಥವು ಶ್ರೇಷ್ಠವಾದುದು. ಚಿಕಿತ್ಸಕನು ತನಗೆ ನೆರವಾಗುತ್ತಿರುವನೆಂಬ ರೋಗಿಯ ಭಾವನೆಯೂ, ಇಬ್ಬರೂ ಕೂಡಿ ಹೋರಾಡುತ್ತಿರುವೆವೆಂಬ ಭಾವನೆಯೂ ಬೇರೆಬೇರೆಯೆಂದು ೧೯೭೬ರಲ್ಲಿಯೇ ಆತನು ವಿಂಗಡಿಸಿ ತೋರಿಸಿದ್ದನು. ೧೯೮೫ರಲ್ಲಿ ಒಂಬತ್ತು ಮಂದಿ ಚಿಕಿತ್ಸಕರನ್ನು ಪರೀಕ್ಷಿಸಿದಾಗ, ಒಬ್ಬೊಬ್ಬರ ಕೈಗುಣಗಳಲ್ಲಿಯೂ ಅಗಾಧವಾದ ಅಂತರವು ಕಂಡುಬಂದಿತು. ಇಂತಹ ಬಂಧವು ಮೊದಲಲ್ಲಿಯೇ ಕುದುರಿದವರಿಗೂ, ತಮ್ಮ ಪದ್ಧತಿಯನ್ನು ಶುದ್ಧವಾಗಿ ಅನುಸರಿಸಿದವರಿಗೂ ಫಲವು ಹೆಚ್ಚಾಗಿದ್ದಿತು. ಪದ್ಧತಿಗಳೆಲ್ಲ ಸಮವೆಂಬ ಮಾತಿನಿಂದ ಚಿಕಿತ್ಸಕರೆಲ್ಲರೂ ಸಮರೆಂದು ತಿಳಿದವರಿಗೆ ಇದು ತಕ್ಕ ಉತ್ತರ.

ಶೈಲಿಯ ವಿಷಯದಲ್ಲಿ ಹೊಗಳಲು ಹೆಚ್ಚೇನೂ ಇಲ್ಲ. ವಾಕ್ಯಗಳು ಒಣಗಿದವು, ಕೋಷ್ಟಕಗಳ ನಡುವೆ ರೋಗಿಗಳು ಕಾಣಿಸಿಕೊಂಡು ಮರೆಯಾಗುತ್ತಾರೆ. ಮೆನಿಂಜರ್ ಸಂಸ್ಥೆಯ ಅದೇ ೪೨ ಮಂದಿಯನ್ನು ಕುರಿತು ರಾಬರ್ಟ್ ವಾಲರ್‌ಸ್ಟೈನನು ೧೯೮೬ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ಒಬ್ಬೊಬ್ಬನ ಜೀವನವೂ ಮೂವತ್ತು ವರ್ಷಗಳ ಹರವಿನಲ್ಲಿ ಕಥೆಯಾಗಿ ನಿಲ್ಲುತ್ತದೆ. ಅದನ್ನು ಓದಿದವನು ಮನುಷ್ಯರನ್ನು ಮರೆಯುವುದಿಲ್ಲ. ಲುಬೋರ್ಸ್ಕಿಯನ್ನು ಓದಿದವನು ಪ್ರಶ್ನೆಯನ್ನು ಮರೆಯುವುದಿಲ್ಲ. ಎರಡು ಗುಣಗಳೂ ಒಬ್ಬನಲ್ಲಿಯೇ ಸೇರುವುದು ಅಪರೂಪ.

ಆತನ ಕೃತಿಗಳಿಗೆ ಬೆಲೆಯು ಬರುವುದು ಪಕ್ಷಪಾತವನ್ನು ಕುರಿತು ೧೯೯೯ರಲ್ಲಿ ಪ್ರಕಟವಾದ ಲೇಖನದಿಂದ. ಪರೀಕ್ಷಕನು ತಾನು ನಂಬಿದ ಚಿಕಿತ್ಸೆಯನ್ನೇ ಗೆಲ್ಲಿಸುವನೋ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ೨೯ ಹೋಲಿಕೆಗಳಲ್ಲಿ ಪರೀಕ್ಷಕರ ಒಲವನ್ನು ಅವರ ಬರೆಹಗಳಿಂದಲೂ, ಸಹೋದ್ಯೋಗಿಗಳ ಮಾತಿನಿಂದಲೂ, ಅವರ ಸ್ವಂತ ಹೇಳಿಕೆಯಿಂದಲೂ ಅಳೆದರು. ಫಲಿತಾಂಶಗಳಲ್ಲಿ ಕಂಡ ವ್ಯತ್ಯಾಸದಲ್ಲಿ ನೂರಕ್ಕೆ ೬೯ರಷ್ಟು ಈ ಒಲವಿನೊಡನೆ ಹೊಂದಿಕೊಂಡಿದ್ದಿತು. ಎಂದರೆ, ಯಾರು ಪರೀಕ್ಷಿಸಿದರೆಂದು ಗೊತ್ತಾದರೆ ಯಾವುದು ಗೆದ್ದಿತೆಂದು ಬಹುಮಟ್ಟಿಗೆ ಊಹಿಸಬಹುದು! ಒಲವಿನಿಂದ ಫಲವೋ, ಫಲವನ್ನು ಕಂಡು ಒಲವೋ ಎಂಬ ಸಂಶಯವು ಇನ್ನೂ ಉಳಿದಿದೆ. ಒಳ್ಳೆಯದನ್ನು ಕಂಡವನು ಅದನ್ನು ನಂಬುವುದು ಸಹಜವೇ. ಆದರೆ ಬಾಣವನ್ನು ಪರಪಕ್ಷದ ಮೇಲೆ ಮಾತ್ರ ಬಿಡಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಜೀವಮಾನವೆಲ್ಲ ಒಂದು ಸಂಪ್ರದಾಯದ ಅನ್ನವನ್ನು ಉಂಡವನು ಆ ಸಂಪ್ರದಾಯದ ಸಾಕ್ಷ್ಯವನ್ನೂ ಅದೇ ಸಂಶಯದ ಕೆಳಗಿಟ್ಟನು.

ಅದೇ ವರ್ಷ ಇನ್ನೊಂದು ಪರೀಕ್ಷೆಯ ಫಲಿತಾಂಶವೂ ಹೊರಬಂದಿತು. ಕೊಕೇನ್ ವ್ಯಸನಿಗಳಾದ ೪೮೭ ಮಂದಿಯನ್ನು ನಾಲ್ಕು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ಲುಬೋರ್ಸ್ಕಿಯ ಪದ್ಧತಿಯನ್ನೂ, ಒಂದಕ್ಕೆ ಬೆಕ್ಕನ ಪದ್ಧತಿಯನ್ನೂ, ಒಂದಕ್ಕೆ ವ್ಯಸನವನ್ನು ಬಿಡಿಸುವ ಸರಳವಾದ ವೈಯಕ್ತಿಕ ಬುದ್ಧಿವಾದವನ್ನೂ, ಇವೆಲ್ಲಕ್ಕೂ ಗುಂಪಿನ ಬುದ್ಧಿವಾದವನ್ನು ಸೇರಿಸಿಯೂ, ನಾಲ್ಕನೆಯದಕ್ಕೆ ಗುಂಪಿನ ಬುದ್ಧಿವಾದವನ್ನು ಮಾತ್ರವೂ ಕೊಟ್ಟರು. ಎಲ್ಲ ಗುಂಪುಗಳಲ್ಲಿಯೂ ವ್ಯಸನವು ಇಳಿಯಿತು. ಹೆಚ್ಚಾಗಿ ಇಳಿದುದು ಸರಳವಾದ ವೈಯಕ್ತಿಕ ಬುದ್ಧಿವಾದವನ್ನು ಪಡೆದವರಲ್ಲಿ. ಮುಂಚೆ, ೧೯೮೩ರಲ್ಲಿ, ಅಫೀಮಿನ ಜಾತಿಯ ಮಾದಕವಸ್ತುಗಳ ವ್ಯಸನಿಗಳಾದ ಮಾಜಿ ಸೈನಿಕರಲ್ಲಿ ಬುದ್ಧಿವಾದದ ಜೊತೆಗೆ ಮನೋಚಿಕಿತ್ಸೆಯನ್ನು ಪಡೆದವರೇ ಮೇಲಾಗಿದ್ದರು. ಆ ಲೇಖನದ ಕರ್ತೃಗಳಲ್ಲಿಯೂ ಲುಬೋರ್ಸ್ಕಿಯಿದ್ದನು, ಈ ಲೇಖನದ ಕರ್ತೃಗಳಲ್ಲಿಯೂ ಇರುವನು. ಇಲ್ಲಿ ಮಾತ್ರ ಆತನ ಕೈಪಿಡಿಯು ಆತನ ಶಿಷ್ಯರ ಕೈಯಲ್ಲಿಯೇ ಸೋತಿತು. ಸೋಲನ್ನು ಅಡಗಿಸದೆ ಅಚ್ಚುಹಾಕಿಸಿದರು.

೨೦೦೨ರಲ್ಲಿ ಡೋಡೋ ಪಕ್ಷಿಯ ತೀರ್ಪನ್ನು ಪುನಃ ಕೈಗೆತ್ತಿಕೊಂಡು, ೧೭ ಸಮಗ್ರಗಣನೆಗಳನ್ನು ಕೂಡಿಸಿ ನೋಡಿದಾಗಲೂ ಪದ್ಧತಿಗಳ ನಡುವಣ ಅಂತರವು ಅಲ್ಪವೇ ಎಂದು ಕಂಡುಬಂದಿತು. ತೀರ್ಪು ಇನ್ನೂ ಜೀವಂತವಾಗಿದೆ ಎಂದು ಹೇಳುವ ಆ ಲೇಖನದ ಹೆಸರಿಗೆ ಬಹುಮಟ್ಟಿಗೆ ಎಂಬ ಒಂದು ಪದವನ್ನು ತಗುಲಿಸಿರುವರು. ೧೯೭೫ರ ಪ್ರಶ್ನಾರ್ಥಕ ಚಿಹ್ನೆಯ ಸ್ಥಾನದಲ್ಲಿ ಈಗ ಈ ಪದ.

ಲುಬೋರ್ಸ್ಕಿಯನ್ನು ಓದಲು ಹೊರಡುವವರು ಕೈಪಿಡಿಯಿಂದ ಆರಂಭಿಸುವುದು ಲೇಸಲ್ಲ; ಅದು ಕೆಲಸಗಾರನ ಗ್ರಂಥ, ಕೆಲಸವನ್ನು ಅರಿಯದವನಿಗೆ ನೀರಸವಾಗಿ ತೋರುವುದು. ಭಾವಸಂಕ್ರಮವನ್ನು ಕುರಿತ ಗ್ರಂಥವನ್ನೇ ಮೊದಲು ಹಿಡಿಯಬೇಕು. ಅದರ ಪರಿಷ್ಕೃತವಾದ ಎರಡನೆಯ ಮುದ್ರಣವು ೧೯೯೮ರಲ್ಲಿ ಬಂದಿದೆ. ಅದರಲ್ಲಿ ಕೋಷ್ಟಕಗಳನ್ನು ಮೊದಲ ಓದಿನಲ್ಲಿ ದಾಟಿ, ರೋಗಿಗಳು ಹೇಳಿದ ಪ್ರಸಂಗಗಳನ್ನು ಮಾತ್ರ ಒಂದರ ಮೇಲೊಂದರಂತೆ ಓದುತ್ತ ಹೋದರೆ, ಸೂತ್ರವು ಯಾವುದೆಂಬುದು ಗ್ರಂಥಕರ್ತನು ಹೇಳುವುದಕ್ಕಿಂತ ಮುಂಚೆಯೇ ವಾಚಕನಿಗೆ ಹೊಳೆಯತೊಡಗುತ್ತದೆ.